ಹದಿನೆಂಟನೆಯ ಕೀ

ತೊಂದರೆ ಹುಟ್ಟಿದ್ದು ಎರಡೇ ಎರಡು ಪದಗಳಿಂದ. ಹೋದ ಸೋಮವಾರ ಕೊಕ್ಕರೆ ಎಂಬ ಅಡ್ಡಹೆಸರಿನ ವಾದ್ಯಗಾರ ಅಂಗಡಿಯ ಬಾಗಿಲಲ್ಲಿ ನಿಂತು, "ಮಾಸ್ತರೆ, ನನ್ನ ಕ್ಲಾರಿನೆಟ್ ರಿಪೇರಿ ಆಯ್ತಾ?" ಎಂದು ಕೇಳಿದಾಗ, ಸ್ಕ್ರೂ ಮಾಸ್ತರರು ಕನ್ನಡಕದ ಮೇಲಿಂದ ನೋಡಿ, "ಇನ್ನೂ ಇಲ್ಲ" ಎಂದುಬಿಟ್ಟರು.

ಆಗಿತ್ತು. ಅವರು ಹಾಗೆ ಹೇಳುವ ಹೊತ್ತಿಗೆ ಆ ಕ್ಲಾರಿನೆಟ್ ಹೊಸ ಸ್ಪ್ರಿಂಗ್ ಹಾಕಿಸಿಕೊಂಡು, ಮೈ ಒರೆಸಿಸಿಕೊಂಡು, ತನ್ನ ಕರಿ ಪೆಟ್ಟಿಗೆಯೊಳಗೆ ಮದುಮಗನ ಹಾಗೆ ಸಿದ್ಧವಾಗಿ ಮಲಗಿತ್ತು. ಪೆಟ್ಟಿಗೆ ಇದ್ದದ್ದು ಮಾಸ್ತರರ ಬಲ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲಿ.

ಮಾಸ್ತರರು ಸುಳ್ಳುಗಾರರಲ್ಲ. ಊದುವ ವಾದ್ಯಗಳನ್ನು ರಿಪೇರಿ ಮಾಡುತ್ತ ಬದುಕಿದವರು, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಹಿಂದೆ ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಮುದುಕರಾಗುತ್ತಿದ್ದವರು. ಸುಳ್ಳಿನ ರೂಢಿ ಇಲ್ಲದವರು ಸುಳ್ಳು ಹೇಳಿದರೆ ಹೊಸ ಚಪ್ಪಲಿ ಮೆಟ್ಟಿದ ಹಾಗೆ, ಪ್ರತಿ ಹೆಜ್ಜೆಗೂ ಕಚ್ಚುತ್ತದೆ. ಮಾಸ್ತರರಿಗೆ ಆರು ದಿನದಿಂದ ಕಚ್ಚುತ್ತಲೇ ಇತ್ತು. ಆದರೂ ಅವರು ಅದನ್ನು ಕಳಚಲಿಲ್ಲ. ಅದಕ್ಕೆ ಕಾರಣ ಹದಿನೆಂಟನೆಯ ಕೀ.

ಎಲ್ಲರೂ ನುಡಿಸುವ ಕ್ಲಾರಿನೆಟ್ಟಿಗೆ ಹದಿನೇಳು ಕೀಗಳು, ಅಂದರೆ ತೂತುಗಳನ್ನು ತೆರೆದು ಮುಚ್ಚಲು ಬೆರಳಿನಿಂದ ಒತ್ತುವ ಲೋಹದ ಗುಂಡಿಗಳು. ಆ ಹದಿನೇಳಿದ್ದರೂ ಅದಕ್ಕೊಂದು ಹುಟ್ಟುರೋಗ. ಕೆಳಗಿನ ಸ್ವರಗಳು ತುಂಬಿ ಬರುತ್ತವೆ, ಮೇಲಿನವು ಮಿನುಗುತ್ತವೆ, ನಡುವೆ ಒಂದು ಸ್ವರ ಮಾತ್ರ ಶೀತ ಹಿಡಿದವರು ಮಾತಾಡಿದಂತೆ ಕೇಳುತ್ತದೆ. ನುಡಿಸುವವರು ತಮ್ಮತಮ್ಮಲ್ಲೇ ಅದನ್ನು ನೆಗಡಿ ಸ್ವರ ಎನ್ನುತ್ತಿದ್ದರು. ಎಡಗೈ ಹೆಬ್ಬೆರಳಿನಡಿಯ ಒಂದು ಪುಟ್ಟ ತೂತು ಎರಡು ಚಾಕರಿ ಮಾಡಬೇಕಾಗಿರುವುದೇ ಅದರ ಮೂಲ. ಮೇಲಿನ ಸ್ವರಗಳಿಗೆ ಏರಿಸುವುದೂ ಅದೇ ತೂತು, ಈ ಸ್ವರವನ್ನು ಹೊರಗೆ ಬಿಡುವುದೂ ಅದೇ ತೂತು. ಎರಡು ಮನೆಗೆ ಒಂದೇ ಬಾಗಿಲಿದ್ದರೆ ಇಕ್ಕಟ್ಟಾಗದೆ ಇನ್ನೇನಾದೀತು? ಮಾಸ್ತರರು ಹನ್ನೊಂದು ವರ್ಷ ಕೂತು, ನೆಗಡಿ ಸ್ವರಕ್ಕೆಂದೇ ಬೇರೊಂದು ತೂತು ಕೊರೆದು, ಅದಕ್ಕೊಂದು ಬೇರೆ ಕೀ ಕೂರಿಸಿದ್ದರು. ಕೆಟ್ಟುಹೋದ ನಲವತ್ತಾರು ಕೀಗಳು ಹಿಂದಿನ ಕೋಣೆಯ ಬಿಸ್ಕತ್ ಡಬ್ಬಿಗಳಲ್ಲಿದ್ದವು. ನಲವತ್ತೇಳನೆಯದು ಕೆಲಸ ಮಾಡಿತು.

ಕೆಲಸ ಮಾಡಿತು ನಿಜ, ನುಡಿಸುವವರೇ ಸಿಗಲಿಲ್ಲ. ಒಬ್ಬರು ಊದಿ ನೋಡಿ, "ಸ್ವರ ಚೆನ್ನಾಗಿದೆ, ಆದ್ರೆ ಕೈಗೆ ಭಾರ" ಎಂದರು. ಇನ್ನೊಬ್ಬರು, "ಪರ ಊರಲ್ಲಿ ಕೆಟ್ಟರೆ ಯಾರ ಹತ್ರ ತಗೊಂಡು ಹೋಗ್ಲಿ? ಇದರ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರೋರು ಲೋಕದಲ್ಲಿ ನೀವೊಬ್ಬರೇ" ಎಂದರು. ಸಂಗೀತ ಕಲಿಸುವಾಕೆ, "ನನಗೆ ಕಲಿಸಿದವರಿಗೆ ಹದಿನೇಳು, ನನಗೆ ಹದಿನೇಳು, ಮಕ್ಕಳಿಗೆ ಹದಿನೆಂಟು ಹೇಗೆ ಕಲಿಸ್ಲಿ?" ಎಂದು ಕೇಳಿದರು. ವಾದ್ಯಗೋಷ್ಠಿಯ ಮೂರನೆಯ ಕ್ಲಾರಿನೆಟ್ಟಿನವರ ಮಾತು ಎಲ್ಲಕ್ಕಿಂತ ನೋಯಿಸಿತ್ತು. "ಮಾಸ್ತರೆ, ಆ ಸ್ವರವನ್ನ ಮರೆಮಾಚೋದು ಹೇಗೆ ಅಂತ ಕಲಿಯೋಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು. ಈಗ ಅದು ಸರಿಹೋದ್ರೆ ಆ ಇಪ್ಪತ್ತು ವರ್ಷ ಎಲ್ಲಿ ಇಟ್ಕೊಳ್ಲಿ?"

ಹೀಗಿರುವಾಗ ಕೊಕ್ಕರೆಯ ಕ್ಲಾರಿನೆಟ್ ರಿಪೇರಿಗೆ ಬಂತು. ಕೊಕ್ಕರೆಯೆಂದರೆ ಊರಿನ ವಾದ್ಯಗೋಷ್ಠಿಯಲ್ಲಿ ಮೊದಲ ಕ್ಲಾರಿನೆಟ್ ನುಡಿಸುವವನು. ಉದ್ದ ಕಾಲು, ಉದ್ದ ಕತ್ತು, ಸದಾ ಏನನ್ನೋ ಹೆಕ್ಕಲು ಬಗ್ಗಿದಂತಹ ನಿಲುವು. ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಶನಿವಾರ ನಾಲ್ಕು ಗಂಟೆಗೆ ಪುರಭವನದಲ್ಲಿ ಕಛೇರಿ, ಕೈಯಲ್ಲಿ ವಾದ್ಯವಿಲ್ಲ. ಮಾಸ್ತರರು ತಮ್ಮ ಹದಿನೆಂಟು ಕೀಯದನ್ನು ಅವನಿಗೆ ಕೊಟ್ಟರು. ಕೈಯಲ್ಲಿ ಕೋಲು ಆಡಿಸುತ್ತ ಗೋಷ್ಠಿಯನ್ನು ನಡೆಸುವ ಕೋಲಿನವರನ್ನು ಕಂಡು ಮಾತೂ ಪಡೆದುಕೊಂಡರು. ಕೋಲಿನವರು ಹೆಚ್ಚು ಮಾತಿನವರಲ್ಲ. "ಕಛೇರಿಯಲ್ಲಿ ಒಂದು ತಪ್ಪೂ ಇಲ್ಲದೆ ಆ ಸ್ವರ ಬರಲಿ. ನಮ್ಮ ನಾಲ್ಕೂ ಕ್ಲಾರಿನೆಟ್ಟಿಗೆ ನಿಮ್ಮ ಕೀ ಹಾಕಿಸ್ತೀನಿ. ಬರಲಿಲ್ಲವೋ, ಈ ವಿಷಯ ಇನ್ನು ನನ್ನ ಮುಂದೆ ಎತ್ತಬಾರದು" ಎಂದಿದ್ದರು.

ಮನೆಯಲ್ಲೂ ಅದೇ ಷರತ್ತು. ಶನಿವಾರ ಕೈಕೊಟ್ಟರೆ ಬಿಸ್ಕತ್ ಡಬ್ಬಿಗಳು ಗುಜರಿಗೆ, ಹಿಂದಿನ ಕೋಣೆ ಹೆಂಡತಿಗೆ, ಕೀಯ ಮಾತು ಮುಗಿಯಿತು ಎಂದು ಮಾಸ್ತರರು ಅವಳ ಕೈಮೇಲೆ ಕೈಯಿಟ್ಟು ಹೇಳಿದ್ದರು. ಹನ್ನೊಂದು ವರ್ಷ ಒಂದೇ ಒಂದು ಸಂಜೆಗೆ ಬಂದು ನಿಂತಿತ್ತು.

ಆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕೊಕ್ಕರೆ ಬಂದ. ಕಣ್ಣು ಕೆಂಪಗಿದ್ದವು.

"ಮಾಸ್ತರೆ, ನನ್ನದನ್ನ ಕೊಟ್ಟುಬಿಡಿ. ಹೇಗಿದೆಯೋ ಹಾಗೇ ಕೊಡಿ."

ಮಾಸ್ತರರ ಮೊಣಕಾಲು ತಾನಾಗಿ ಡ್ರಾಯರಿಗೆ ಒತ್ತಿಕೊಂಡಿತು. "ಯಾಕೆ, ಏನಾಯ್ತು?"

"ನಿಮ್ಮ ಕೀ ನನ್ನ ತೋರುಬೆರಳಿನ ಪಕ್ಕದಲ್ಲೇ ಕೂತಿದೆ. ಬೇಕಾದಾಗ ಸಿಗಲ್ಲ, ಬೇಡದಾಗ ತಾಗುತ್ತೆ. ನಿನ್ನೆ ಅಭ್ಯಾಸದಲ್ಲಿ ಮೂರು ಸಲ ಕಿಂಯ್ ಅಂತು. ಕೋಲಿನವರು ನಿಲ್ಲಿಸಿ ನನ್ನನ್ನೇ ನೋಡಿದ್ರು. ಏನೂ ಅನ್ನಲಿಲ್ಲ. ಬರೀ ನೋಡಿದ್ರು."

"ಹೊಸದು, ಸ್ವಲ್ಪ ರೂಢಿ ಆಗಬೇಕು."

"ಇಪ್ಪತ್ತು ವರ್ಷದ ಬೆರಳು, ಆರು ದಿನಕ್ಕೆ ಹೇಗೆ ರೂಢಿ ಆಗುತ್ತೆ? ಇವತ್ತು ನಡುವೆ ನಾನೊಬ್ಬನೇ ನುಡಿಸೋ ಜಾಗ ಇದೆ. ಅಲ್ಲಿ ಬೇರೆ ಯಾರೂ ಇರಲ್ಲ, ನಾನು ಮತ್ತು ಆ ಸ್ವರ. ಎಂಟು ಎಣಿಕೆ ಹಿಡೀಬೇಕು. ಅಲ್ಲಿ ಕಿಂಯ್ ಅಂದ್ರೆ ನಾಳೆಯಿಂದ ನಾನು ನಾಲ್ಕನೇ ಕ್ಲಾರಿನೆಟ್. ನನ್ನದು ಎಲ್ಲಿದೆ?"

"ಅದರ ಸ್ಪ್ರಿಂಗ್ ಇನ್ನೂ ಬಂದಿಲ್ಲ."

"ಸ್ಪ್ರಿಂಗ್ ಇಲ್ಲದಿದ್ರೆ ರಬ್ಬರ್ ಬ್ಯಾಂಡ್ ಹಾಕ್ಕೊಂಡು ನುಡಿಸ್ತೀನಿ. ಕೊಡಿ."

ಅಷ್ಟರಲ್ಲಿ ಎದುರಂಗಡಿಯ ದರ್ಜಿ ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ಒಳಬಂದ. ಬೀದಿಯಲ್ಲಿ ಯಾರ ದನಿ ಸ್ವಲ್ಪ ಏರಿದರೂ ಅವನ ಯಂತ್ರ ನಿಲ್ಲುತ್ತಿತ್ತು. "ಏನು, ಇವರ ಪೀಪಿದಾ? ಸೋಮವಾರವೇ ಆಯ್ತು ಅಂದಿದ್ರಲ್ಲ ಮಾಸ್ತರೆ" ಎಂದ.

ಕೊಕ್ಕರೆಯ ಕತ್ತು ನಿಧಾನವಾಗಿ ಮಾಸ್ತರರ ಕಡೆ ತಿರುಗಿತು.

"ಆಯ್ತು ಅಂದದ್ದು ನಿಮ್ಮ ಹೊಲಿಗೆ ಯಂತ್ರದ ವಿಷಯ" ಎಂದರು ಮಾಸ್ತರರು. ಆ ಮಾತು ಎಲ್ಲಿಂದ ಬಂತೋ ಅವರಿಗೇ ಗೊತ್ತಾಗಲಿಲ್ಲ. "ಅದರ ಪೆಡಲ್ಲು ಕಿರುಗುಟ್ಟುತ್ತೆ ಅಂದಿದ್ರಲ್ಲ, ನಾನು ನೋಡ್ಕೊಡ್ತೀನಿ, ಆಯ್ತು ಅಂದೆ."

ದರ್ಜಿ ತಲೆ ಕೆರೆದುಕೊಂಡ. ಅವನು ಪೆಡಲ್ಲಿನ ವಿಷಯ ಹೇಳಿ ಎರಡು ವರ್ಷವಾಗಿತ್ತು. "ನೆನಪಿಟ್ಕೊಂಡಿದ್ದೀರಲ್ಲ, ದೊಡ್ಡವರು ನೀವು. ಹಾಗಾದ್ರೆ ಮಧ್ಯಾಹ್ನ ತರ್ತೀನಿ" ಎಂದು ಸಂತೋಷದಿಂದ ಹೊರಟುಹೋದ.

ಕೊಕ್ಕರೆಯ ಅನುಮಾನ ಮಾತ್ರ ಹೋಗಲಿಲ್ಲ. "ಮಾಸ್ತರೆ, ಅದು ಯಾವ ಸ್ಥಿತಿಯಲ್ಲಿದೆ ತೋರಿಸಿ."

"ಬಿಚ್ಚಿ ಹಾಕಿದ್ದೀನಿ. ಒಳಗಿದೆ. ಈಗ ಮುಟ್ಟೋ ಹಾಗಿಲ್ಲ, ಅಂಟು ಒಣಗಬೇಕು."

"ಎಷ್ಟು ಹೊತ್ತಿಗೆ ಒಣಗುತ್ತೆ?"

"ಹನ್ನೆರಡಕ್ಕೆ."

"ಹನ್ನೆರಡಕ್ಕೆ ಬರ್ತೀನಿ. ಕಣ್ಣಾರೆ ನೋಡಿದ್ರೇನೇ ನನಗೆ ಸಮಾಧಾನ" ಎಂದು ಹೇಳಿ ಕೊಕ್ಕರೆ ಉದ್ದುದ್ದ ಹೆಜ್ಜೆ ಹಾಕುತ್ತ ಹೋದ.

ಮಾಸ್ತರರು ಬಾಗಿಲಿಗೆ ಅಗುಳಿ ಹಾಕಿದರು. ಡ್ರಾಯರಿನಿಂದ ಪೆಟ್ಟಿಗೆ ತೆಗೆದರು. ಬಿಚ್ಚಿ ಹಾಕಿದ್ದೇನೆ ಎಂದು ಹೇಳಿಯಾಗಿತ್ತು, ಇನ್ನು ಬಿಚ್ಚದೆ ದಾರಿಯಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಚೆನ್ನಾಗಿರುವ ವಾದ್ಯವೊಂದನ್ನು ಕೆಡಿಸಲು ಕೂತರು. ತಾವೇ ಬಿಗಿದ ಸ್ಕ್ರೂಗಳನ್ನು ತಾವೇ ಸಡಿಲಿಸಿ, ಒಂದೊಂದು ಕೀಯನ್ನೂ ಎತ್ತಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು.

ಹೆಂಡತಿ ಒಳಗಿನಿಂದ ಬಂದು ನೋಡಿದಳು. ಅವಳಿಗೆ ವಾದ್ಯಗಳ ವಿಷಯ ಹೆಚ್ಚು ಗೊತ್ತಿರಲಿಲ್ಲ, ಗಂಡನ ವಿಷಯ ಗೊತ್ತಿತ್ತು. "ಆಗಿದ್ದನ್ನ ಯಾಕೆ ಬಿಚ್ತಿದ್ದೀರಿ?" ಎಂದಳು.

"ಕೊಕ್ಕರೆಗೆ ತೋರಿಸಬೇಕು."

"ಆಗಿಲ್ಲ ಅಂತ?"

ಮಾಸ್ತರರು ಇನ್ನೊಂದು ಸ್ಕ್ರೂ ಸಡಿಲಿಸಿದರು.

"ಕೊಟ್ಟುಬಿಡಿ ಅದನ್ನ. ಪಾಪದವನು, ಬೆಳಿಗ್ಗೆ ಅವನ ಮುಖ ನೋಡೋಕಾಗ್ಲಿಲ್ಲ. ಬೇಕು ಅಂತ ಯಾರೂ ಕೇಳದೇ ಇರೋದನ್ನ ಎಷ್ಟು ದಿನ ಅಂತ ಬಾಯಿಗೆ ತುರುಕ್ತೀರಿ?"

"ಒಂದು ಸಲ ಕೇಳಿಸ್ಕೊಂಡ್ರೆ ಸಾಕು, ಆಮೇಲೆ ಎಲ್ಲರೂ ಕೇಳ್ತಾರೆ. ಇವತ್ತೊಂದು ದಿನ."

"ಇವತ್ತೊಂದೇ ದಿನ" ಎಂದಳು ಅವಳು. "ನಾಳೆ ಡಬ್ಬಿ ಎತ್ತೋವಾಗ ಇನ್ನೊಂದು ದಿನ ಅನ್ನಬಾರದು." ಒಳಗೆ ಹೋಗುವಾಗ ಬಾಗಿಲನ್ನು ಮಾಮೂಲಿಗಿಂತ ಸ್ವಲ್ಪ ಜೋರಾಗಿ ಎಳೆದುಕೊಂಡಳು.

ಹನ್ನೆರಡಕ್ಕೆ ಸರಿಯಾಗಿ ಕೊಕ್ಕರೆ ಬಂದ. ಮೇಜಿನ ಮೇಲೆ ಅವನ ಕ್ಲಾರಿನೆಟ್ ಪುಕ್ಕ ಕಿತ್ತ ಕೋಳಿಯ ಹಾಗೆ ಬತ್ತಲೆ ಬಿದ್ದಿತ್ತು. ಸುತ್ತ ಹದಿನೇಳು ಕೀಗಳು, ಒಂದು ಹಿಡಿ ಸ್ಕ್ರೂಗಳು. ಅವನು ಬರಿ ಮೈಯ ಮರದ ಕೊಳವೆಯನ್ನು ಎತ್ತಿಕೊಂಡು, ತೂತುಗಳ ಮೇಲೆ ಬೆರಳಿಟ್ಟು ನೋಡಿ, ಮತ್ತೆ ಮೆಲ್ಲಗೆ ಕೆಳಗಿಟ್ಟ. "ಆಯ್ತು ಮಾಸ್ತರೆ, ನನ್ನ ಹಣೆಬರಹ" ಎಂದು ಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರರಿಗೆ ಅನಿಸಿತು.

ಊಟ ಸೇರಲಿಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಬಿಟ್ಟು ಏಳುವುದು ಮಾಸ್ತರರ ಕೈಗೆ ಗೊತ್ತಿರಲಿಲ್ಲ. ಸಂಜೆ ಕಛೇರಿ ಮುಗಿದ ಮೇಲೆ, "ಸ್ಪ್ರಿಂಗ್ ಈಗಷ್ಟೇ ಬಂತು, ಹಾಕಿಬಿಟ್ಟೆ" ಎಂದು ಹೇಳಿ ಕೊಡಬೇಕಲ್ಲ. ಹಾಗಾಗಿ ಒಂದೊಂದೇ ಕೀಯನ್ನು ಮತ್ತೆ ಕೂರಿಸಿದರು. ಎರಡು ಗಂಟೆಗೆ ಮುಗಿಯಿತು. ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಕೊಕ್ಕೆ ಹಾಕಿ ಉಸಿರು ಬಿಡುವಷ್ಟರಲ್ಲಿ ಯಾರೋ ಬಾಗಿಲನ್ನು ದಬದಬ ಬಡಿದರು.

"ಮಾಸ್ತರೆ, ನಿಮ್ಮ ಕೀ ನಿಂತುಹೋಗಿದೆ" ಎನ್ನುತ್ತ ಕೊಕ್ಕರೆ ಒಳಬಂದ.

ಹದಿನೆಂಟನೆಯ ಕೀಯ ಸ್ಪ್ರಿಂಗ್ ಜಾರಿ, ಕೀ ಬಾಯಿ ತೆರೆದುಕೊಂಡು ನಿಂತಿತ್ತು. ಊದಿದರೆ ಬರೀ ಗಾಳಿ. ಮಾಸ್ತರರು ಮೇಜಿನ ಮೇಲಿದ್ದ ಕೊಕ್ಕರೆಯದೇ ಪೆಟ್ಟಿಗೆಯನ್ನು ಮೊಣಕೈಯಿಂದ ಮೂಲೆಗೆ ತಳ್ಳಿ, ಅದರ ಮೇಲೊಂದು ಬಟ್ಟೆ ಎಸೆದು, ಅವನು ಈಗ ತಂದ ಪೆಟ್ಟಿಗೆಯನ್ನು ಎದುರಿಗೆ ತೆರೆದಿಟ್ಟುಕೊಂಡರು. ಎರಡೂ ಒಂದೇ ಕಡೆ ಕೊಂಡ ಕರಿ ಪೆಟ್ಟಿಗೆಗಳು. ಅಕ್ಕತಂಗಿಯರಿಗಾದರೂ ಏನಾದರೂ ವ್ಯತ್ಯಾಸ ಇದ್ದೀತು, ಇವಕ್ಕೆ ಇರಲಿಲ್ಲ.

"ನೀವು ಬಾಗಿಲ ಹತ್ರ ನಿಂತ್ಕೊಳ್ಳಿ. ಉಸಿರು ತಾಗಿದ್ರೆ ಸ್ಪ್ರಿಂಗ್ ಹಾರುತ್ತೆ" ಎಂದರು. ಉಸಿರಿಗೆ ಹಾರುವ ಸ್ಪ್ರಿಂಗ್ ಲೋಕದಲ್ಲಿಲ್ಲ, ಆದರೆ ಕೊಕ್ಕರೆ ನಂಬಿದ. ನಂಬಿ ಬಾಗಿಲ ಹತ್ತಿರ ನಿಂತದ್ದೇ ತಪ್ಪಾಯಿತು, ಅಲ್ಲಿ ಮಹಡಿ ಅಜ್ಜಿ ಸಿಕ್ಕಳು. ಈ ಅಜ್ಜಿ ಮೇಲಿನ ಮನೆಯವಳು. ಕಣ್ಣು ಮಂಜಾಗಿತ್ತು, ಆ ಕೊರತೆಯನ್ನೆಲ್ಲ ಕಿವಿ ತುಂಬಿಕೊಟ್ಟಿತ್ತು.

"ನೀನೇ ಏನಪ್ಪ, ಆ ದೊಡ್ಡ ಪೀಪಿಯವನು? ನಿಂದು ಸರಿಹೋಯ್ತಲ್ಲ. ಸೋಮವಾರ ಬೆಳಿಗ್ಗೆ ಮಾಸ್ತರ ಊದಿ ನೋಡ್ತಿದ್ದ, ನಾನು ಮೇಲಿಂದ ಕೇಳಿದೆ."

"ಅದು ಬೇರೆ ಅಜ್ಜಿ" ಎಂದು ಮಾಸ್ತರರು ಒಳಗಿನಿಂದ ಕೂಗಿದರು. ಇಕ್ಕಳದ ತುದಿಯಲ್ಲಿದ್ದ ಸ್ಪ್ರಿಂಗ್ ಕೆಳಗೆ ಬಿತ್ತು. ಅವರು ಮೇಜಿನಡಿ ತೂರಿದರು.

"ಬೇರೆ ಹೇಗಾಗುತ್ತೆ? ಇವನದು ನನಗೆ ಗೊತ್ತಿಲ್ವಾ, ವರ್ಷಗಟ್ಟಲೆ ಕೇಳಿದ್ದೀನಿ" ಎಂದಳು ಅಜ್ಜಿ.

"ಮಾಸ್ತರೆ, ಅಜ್ಜಿ ಏನು ಹೇಳ್ತಿದ್ದಾರೆ?" ಎಂದ ಕೊಕ್ಕರೆ.

"ವಯಸ್ಸಾಯ್ತು ಅವರಿಗೆ" ಎಂದಿತು ಮೇಜಿನಡಿಯ ದನಿ. ಅಜ್ಜಿಗೆ ಅದೂ ಕೇಳಿಸಿತು. ಯಾರಿಗೆ ವಯಸ್ಸಾಯಿತು, ಎಷ್ಟಾಯಿತು, ಮಾಸ್ತರರಿಗೆ ಎಷ್ಟಾಯಿತು ಎಂಬುದನ್ನೆಲ್ಲ ಅವಳು ಕೊಕ್ಕರೆಯ ಅಂಗಿತೋಳು ಹಿಡಿದುಕೊಂಡು ವಿವರಿಸತೊಡಗಿದಳು.

ಮಾಸ್ತರರು ಸ್ಪ್ರಿಂಗ್ ಹಿಡಿದು ಮೇಲೆದ್ದರು. ಬೆವರು ಕನ್ನಡಕಕ್ಕೆ ಇಳಿದಿತ್ತು. ಒಂದು, ಎರಡು, ಮೂರನೆಯ ಪ್ರಯತ್ನಕ್ಕೆ ಸ್ಪ್ರಿಂಗ್ ತನ್ನ ಕಚ್ಚಿನಲ್ಲಿ ಕೂತಿತು. ಕೀ ಒತ್ತಿ ಬಿಟ್ಟರು. ಟಪ್ ಎಂದು ಮುಚ್ಚಿಕೊಂಡಿತು. ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುವಾಗ, "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತ ದರ್ಜಿ ತನ್ನ ಹೊಲಿಗೆ ಯಂತ್ರವನ್ನೇ ಎರಡು ಕೈಯಲ್ಲಿ ತಬ್ಬಿಕೊಂಡು ಒಳನುಗ್ಗಿದ. ಹಿಂದೆ ಪೆಡಲ್ಲಿನ ಸರಳು ನೆಲಕ್ಕೆ ಎಳೆಯುತ್ತಿತ್ತು.

"ಮಧ್ಯಾಹ್ನ ತರ್ತೀನಿ ಅಂದಿದ್ನಲ್ಲ, ತಂದಿದ್ದೀನಿ. ಕೈ ಬಿದ್ದುಹೋಗ್ತಿದೆ, ಸ್ವಲ್ಪ ಜಾಗ ಮಾಡಿ" ಎಂದವನೇ ಮೇಜಿನ ಮೇಲಿದ್ದದ್ದನ್ನೆಲ್ಲ ಯಂತ್ರದಿಂದಲೇ ತಳ್ಳಿ, ಧೊಪ್ಪನೆ ಇಳಿಸಿದ. ಡಬ್ಬಿ ಉರುಳಿತು, ಸ್ಕ್ರೂಗಳು ಚೆಲ್ಲಿದವು, ಪೆಟ್ಟಿಗೆಗಳು ಅತ್ತಿತ್ತ ಸರಿದವು, ಬಟ್ಟೆ ಯಂತ್ರದಡಿ ಸಿಕ್ಕಿಕೊಂಡಿತು. ಮಾಸ್ತರರು ಒಂದು ಕೈಯಲ್ಲಿ ಎಣ್ಣೆ ಸೀಸೆ ಹಿಡಿದು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಓಡಿ, ಅಜ್ಜಿಯ ಹಿಡಿತದಿಂದ ಕೊಕ್ಕರೆಯನ್ನು ಬಿಡಿಸಿದರು.

"ಆಯ್ತು, ಹೋಗಿ. ಎರಡೂ ಮುಕ್ಕಾಲು. ತಿರುಗಿ ನೋಡಬೇಡಿ."

ಕೊಕ್ಕರೆ ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು ಓಡಿದ.

ಮನೆಯಲ್ಲಿ ಕೊಕ್ಕರೆಯ ಕ್ಲಾರಿನೆಟ್ ಬಿಟ್ಟುಹೋಗಲು ಮಾಸ್ತರರಿಗೆ ಧೈರ್ಯ ಬರಲಿಲ್ಲ. ಈ ಬೀದಿಯಲ್ಲಿ ಅದಕ್ಕೆ ಸಾಕ್ಷಿಗಳು ಹೆಚ್ಚಾಗಿದ್ದರು. ಉಳಿದ ಪೆಟ್ಟಿಗೆಯನ್ನು ಯಂತ್ರದ ಹಿಂದಿನಿಂದ ಎಳೆದುಕೊಂಡು, ಅಂಗಿ ಬದಲಿಸಿ, ಪುರಭವನಕ್ಕೆ ಹೊರಟರು. ದರ್ಜಿ ಬಿಡಲಿಲ್ಲ, ಜೊತೆಗೇ ಬಂದ. ಪೆಡಲ್ಲು ಯಾವಾಗ ಸಿಗುತ್ತದೆ ಎಂದು ದಾರಿಯುದ್ದಕ್ಕೂ ಕೇಳಿದ.

ಪುರಭವನದ ಹನ್ನೆರಡನೆಯ ಸಾಲಿನಲ್ಲಿ ಮಾಸ್ತರರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಮೇಲೆ ಎರಡು ಕೈ ಊರಿ ಕೂತರು. ನಾಲ್ಕಕ್ಕೆ ಕೋಲಿನವರು ಬಂದರು. ಗೋಷ್ಠಿ ಕೂತಿತು. ಕೊಕ್ಕರೆ ತನ್ನ ಜಾಗಕ್ಕೆ ಬಂದವನು ಸಭೆಯತ್ತ ಕಣ್ಣಾಡಿಸಿ, ಮಾಸ್ತರರನ್ನು ಹುಡುಕಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಇಷ್ಟೆಲ್ಲ ಹಿಂಸೆ ಕೊಟ್ಟರೂ ಇವನಿಗೆ ತನ್ನ ಮೇಲೆ ಬೇಸರವಿಲ್ಲವಲ್ಲ, ಕೊನೆಗೂ ಕೀಯನ್ನು ಒಪ್ಪಿಕೊಂಡನಲ್ಲ ಎಂದು ಮಾಸ್ತರರಿಗೆ ಅನಿಸಿತು.

ಮೊದಲ ಭಾಗದಲ್ಲಿ ಇಪ್ಪತ್ತು ಜನರ ನಡುವೆ ಕ್ಲಾರಿನೆಟ್ ಅಷ್ಟಾಗಿ ಕೇಳಿಸಲಿಲ್ಲ. ಮಾಸ್ತರರು ಮಾತ್ರ ಪ್ರತಿ ಕ್ಷಣವೂ ಕಿಂಯ್ ಎಂಬುದಕ್ಕಾಗಿ ಕಾಯುತ್ತ ಹಲ್ಲು ಕಚ್ಚಿದ್ದರು. ಬರಲಿಲ್ಲ. ಎರಡನೆಯ ಭಾಗ ನಿಧಾನದ್ದು. ಪಿಟೀಲುಗಳು ಒಂದೊಂದಾಗಿ ಸರಿದುಕೊಂಡವು. ಕೊಳಲು ನಿಂತಿತು. ಕೋಲಿನವರು ಎಡಗೈಯನ್ನು ಕೊಕ್ಕರೆಯ ಕಡೆ ಚಾಚಿದರು. ಇಡೀ ಭವನದಲ್ಲಿ ಇನ್ನು ಅವನೊಬ್ಬನೇ. ಈ ಸಂಗೀತ ಬರೆದವರು ಯಾರೋ ಏನೋ, ಕ್ಲಾರಿನೆಟ್ಟಿನವರ ಮೇಲೆ ಅವರಿಗೆ ಏನು ಹಗೆಯಿತ್ತೋ, ಎಲ್ಲ ಸ್ವರಗಳನ್ನೂ ಬಿಟ್ಟು ನೆಗಡಿ ಸ್ವರವನ್ನೇ ಎಂಟು ಎಣಿಕೆ ಬರಿದಾಗಿ ನಿಲ್ಲಿಸಿದ್ದರು.

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಸ್ವರ ಬಂತು. ಮೊದಲು ಎಳೆಯಂತೆ, ಆಮೇಲೆ ತುಂಬಿಕೊಂಡು, ಎಲ್ಲೂ ತಡೆಯಿಲ್ಲದೆ, ದುಂಡಗೆ ಬಂತು. ಅದರಲ್ಲಿ ಶೀತವಿರಲಿಲ್ಲ, ಕೊಸರಾಟವಿರಲಿಲ್ಲ. ನಾಲ್ಕು, ಐದು, ಆರು. ಭವನವೆಲ್ಲ ಉಸಿರು ಹಿಡಿದು ಕೂತಿತ್ತು. ಎಂಟನೆಯ ಎಣಿಕೆಗೆ ಅದು ತಾನಾಗಿ ಇಳಿದು ಕೆಳಗಿನ ಸ್ವರಕ್ಕೆ ಸೇರಿಕೊಂಡಾಗ ಕೋಲಿನವರು ಕೋಲನ್ನು ಮರೆತು ಕೊಕ್ಕರೆಯನ್ನೇ ನೋಡುತ್ತಿದ್ದರು.

ಮಾಸ್ತರರು ಅತ್ತರು. ತೊಡೆಯ ಮೇಲಿನ ಪೆಟ್ಟಿಗೆಯ ಮೇಲೆ ಹನಿ ಬಿದ್ದದ್ದನ್ನು ತೋಳಿನಿಂದ ಒರೆಸಿಕೊಂಡರು. ನಲವತ್ತಾರು ಕೀಗಳು, ಹನ್ನೊಂದು ವರ್ಷ, ಹೆಂಡತಿಯ ಮೌನ, ಎಲ್ಲಕ್ಕೂ ಈ ಎಂಟು ಎಣಿಕೆ ಸಾಕು ಎನಿಸಿತು. ಇಷ್ಟು ಸುಖವನ್ನು ಅವರು ಈ ಮೊದಲು ಕಂಡಿರಲಿಲ್ಲ.

"ಅಳ್ತಿದ್ದೀರಾ? ಪೆಡಲ್ಲು ನಾಳೆ ಆದ್ರೂ ಪರವಾಗಿಲ್ಲ" ಎಂದ ದರ್ಜಿ.

ಚಪ್ಪಾಳೆ ಮುಗಿಯುವ ಮುಂಚೆಯೇ ಮಾಸ್ತರರು ರಂಗದ ಹಿಂದಿನ ಕೋಣೆ ಸೇರಿದ್ದರು. ಕೋಲಿನವರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ ನೇರ ಅವರ ಬಳಿಗೇ ಬಂದರು.

"ಮಾಸ್ತರೆ, ಸೋತೆ. ಮೂವತ್ತು ವರ್ಷದಲ್ಲಿ ಆ ಸ್ವರ ಹಾಗೆ ಕೇಳಿರಲಿಲ್ಲ. ನಾಲ್ಕಕ್ಕೂ ಹಾಕಿಬಿಡಿ. ನಾಳೆಯೇ ಶುರು ಮಾಡಿ."

ಉಳಿದ ಮೂವರು ಕ್ಲಾರಿನೆಟ್ಟಿನವರು ಸುತ್ತ ಬಂದು ನಿಂತರು. ಇಪ್ಪತ್ತು ವರ್ಷವನ್ನು ಎಲ್ಲಿಟ್ಟುಕೊಳ್ಳಲಿ ಎಂದಿದ್ದವರೂ, "ನನಗೇ ಮೊದಲು ಹಾಕ್ಬೇಕು" ಎಂದರು. ಮಾಸ್ತರರು ಎಲ್ಲರಿಗೂ ತಲೆಯಾಡಿಸಿದರು.

"ಆ ಕೀ ಎಲ್ಲಿದೆ, ಒಂದು ಸಲ ನೋಡೋಣ" ಎಂದು ಕೋಲಿನವರು ಕುರ್ಚಿಯ ಮೇಲಿದ್ದ ಕೊಕ್ಕರೆಯ ಕ್ಲಾರಿನೆಟ್ ಎತ್ತಿಕೊಂಡರು. ಬೆಳಕಿಗೆ ಹಿಡಿದರು. ತಿರುಗಿಸಿದರು. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಎಣಿಸಿದರು. "ಹದಿನೇಳೇ ಇವೆಯಲ್ಲ."

"ಇನ್ನೊಂದು ಸಲ ಎಣಿಸಿ" ಎಂದರು ಮಾಸ್ತರರು.

ಕೋಲಿನವರು ಎಣಿಸಿದರು. ಹದಿನೇಳು.

ಮಾಸ್ತರರು ತಮ್ಮ ಕೈಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕೊಕ್ಕೆ ತೆಗೆದರು. ತೋರುಬೆರಳು ತಾಗುವ ಜಾಗದಲ್ಲಿ, ಹೊಸದಾಗಿ ಕೂರಿಸಿದ ಸ್ಪ್ರಿಂಗಿನ ಮೇಲೆ, ಹದಿನೆಂಟನೆಯ ಕೀ ಬಾಯಿ ಮುಚ್ಚಿಕೊಂಡು ಮಲಗಿತ್ತು. ಇಡೀ ಕಛೇರಿಯನ್ನು ಅದು ಅವರ ತೊಡೆಯ ಮೇಲೆಯೇ ಕಳೆದಿತ್ತು.

ಕೊಕ್ಕರೆ ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡ. "ಇಲ್ಲಿ ಬಂದು ಪೆಟ್ಟಿಗೆ ತೆಗೆದು ನೋಡಿದ್ರೆ ನನ್ನದೇ ಇತ್ತು. ಹನ್ನೆರಡಕ್ಕೆ ಚೂರು ಚೂರಾಗಿತ್ತು, ಎರಡು ಗಂಟೆಯಲ್ಲಿ ಕೂರಿಸಿ, ನನಗೂ ಹೇಳದೆ ಒಳಗಿಟ್ಟು, ತಿರುಗಿ ನೋಡಬೇಡಿ ಅಂತ ಕಳಿಸಿದ್ರಲ್ಲ. ನಿಮ್ಮ ಕೀಯನ್ನೇ ಬಿಟ್ಟುಕೊಟ್ರಿ ನನಗೋಸ್ಕರ. ಯಾರು ಮಾಡ್ತಾರೆ ಹೇಳಿ ಹೀಗೆ?" ಅವನ ಕಣ್ಣೂ ತುಂಬಿತ್ತು.

ಇಲ್ಲ ಎನ್ನಲು ಮಾಸ್ತರರು ಬಾಯಿ ತೆರೆದರು. ಇಲ್ಲ ಎಂದರೆ ಸೋಮವಾರದಿಂದ ಹೇಳಬೇಕಾಗುತ್ತದೆ ಎಂದು ಹೊಳೆದು ಮುಚ್ಚಿಕೊಂಡರು.

"ಅದಿರಲಿ" ಎಂದರು ಕೋಲಿನವರು. "ಹಾಗಾದ್ರೆ ಇದಕ್ಕೆ ಏನು ಮಾಡಿದ್ರಿ? ಇದೇ ಕ್ಲಾರಿನೆಟ್, ಇದೇ ಹದಿನೇಳು ಕೀ. ಹೋದ ತಿಂಗಳು ಇದೇ ಸ್ವರಕ್ಕೆ ನಾನು ಮುಖ ಕಿವುಚಿದ್ದೆ."

"ಏನೂ ಮಾಡಿಲ್ಲ ಸಾರ್" ಎಂದರು ಮಾಸ್ತರರು. ಆ ಒಂದು ವಾರದಲ್ಲಿ ಅವರು ನಿಜವೆಂದು ನಂಬಿ ಹೇಳಿದ ಮೊದಲ ಮಾತು ಅದು. ಆಮೇಲೆ ಯೋಚಿಸಿದರು. ಆಗಿದ್ದನ್ನು ಆಗಿಲ್ಲ ಎಂದ ತಪ್ಪು ಮನಸ್ಸನ್ನು ಕೊರೆಯುತ್ತಿತ್ತು. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಮಂಗಳವಾರ, ಬುಧವಾರ ಆ ಕ್ಲಾರಿನೆಟ್ಟನ್ನು ಹೊರತೆಗೆದು ಒಂದೊಂದು ತೂತನ್ನೂ ತಿಕ್ಕಿದ್ದರು. "ಹೆಬ್ಬೆರಳಿನ ಕೀ ಕೆಳಗಿನ ಪುಟ್ಟ ತೂತಿದೆಯಲ್ಲ, ಅದರೊಳಗೆ ಒಂದು ತಂತಿ ಹಾಕಿ ಎಳೆದೆ. ಕಸ ಬಂತು."

"ಎಂಥ ಕಸ?"

"ಒರೆಸೋ ಬಟ್ಟೆಯ ಜೂಲು, ಸಣ್ಣ ನೂಲಿನ ಎಳೆಗಳು. ವರ್ಷಗಟ್ಟಲೆಯದ್ದು. ಒಂದು ಚಿಟಿಕೆಯಷ್ಟು."

ಮೂರನೆಯ ಕ್ಲಾರಿನೆಟ್ಟಿನವರು ತಮ್ಮ ವಾದ್ಯವನ್ನು ಮಗುವನ್ನು ವೈದ್ಯರ ಮುಂದೆ ಹಿಡಿದಂತೆ ಮೆಲ್ಲಗೆ ಮುಂದಕ್ಕೆ ಚಾಚಿದರು. "ನನ್ನದಕ್ಕೂ ಒಂದು ಸಲ ಎಳೀತೀರಾ?"

ಮೇಜಿನ ಡ್ರಾಯರಿನಲ್ಲಿ ಯಾರದೋ ಹೇರ್‌ಪಿನ್ ಸಿಕ್ಕಿತು. ಮಾಸ್ತರರು ಅದನ್ನು ಬಿಡಿಸಿ ನೆಟ್ಟಗೆ ಮಾಡಿ, ಕುರ್ಚಿ ಎಳೆದುಕೊಂಡು ಕೂತರು. ಎರಡನೆಯ ಕ್ಲಾರಿನೆಟ್ಟಿನಿಂದ ಬೂದು ಜೂಲು ಬಂತು, ಮೂರನೆಯದರಿಂದ ಕರಿ ಜೂಲು, ನಾಲ್ಕನೆಯದರಿಂದ ಒಂದು ನೀಲಿ ದಾರವೇ ಬಂತು. ಒಂದೊಂದಕ್ಕೆ ಐದು ನಿಮಿಷ. ಮೂವರೂ ನಿಂತಲ್ಲೇ ಊದಿ ನೋಡಿದರು. ಮೂರು ನೆಗಡಿಗಳು ಒಂದೇ ಸಂಜೆ ಬಿಟ್ಟುಹೋದವು. ತಮ್ಮ ಕೀಗೆ ಇನ್ನು ಯಾವ ಕೆಲಸವೂ ಉಳಿಯದಂತೆ ಮಾಸ್ತರರು ತಮ್ಮ ಕೈಯಾರೆ, ತುಂಬ ಅಚ್ಚುಕಟ್ಟಾಗಿ ಮಾಡಿ ಮುಗಿಸಿದರು.

ಕೋಲಿನವರು ಮೇಜಿನ ಮೇಲಿನ ಜೂಲಿನ ಪುಟ್ಟ ಗುಡ್ಡೆಯನ್ನೂ ಮಾಸ್ತರರನ್ನೂ ನೋಡಿದರು.

"ಮಾಸ್ತರೆ, ಕೋಪ ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಹನ್ನೊಂದು ವರ್ಷದಿಂದ ಈ ನಾಲ್ಕೂ ಕ್ಲಾರಿನೆಟ್ ರಿಪೇರಿಗೆ ಬರೋದು ನಿಮ್ಮ ಹತ್ರವೇ ಅಲ್ವಾ? ಈ ತೂತಿಗೆ ಒಂದು ಸಲವೂ ತಂತಿ ಯಾಕೆ ಹಾಕಲಿಲ್ಲ?"

ಮಾಸ್ತರರು ಹೇರ್‌ಪಿನ್ನನ್ನು ಒರೆಸಿ ಕೆಳಗಿಟ್ಟರು.

"ಪುರುಸೊತ್ತೇ ಸಿಗಲಿಲ್ಲ ಸಾರ್" ಎಂದರು. "ಆ ಸ್ವರವನ್ನ ಸರಿಮಾಡೋದರಲ್ಲೇ ಇದ್ದೆ."